ನೆಲಗಪ್ಪೆ ನುಂಗಿದವನ ವಂಶಾವಳಿ

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸಂತೆ ಜಾತ್ರೆಗಳಲ್ಲಿ ಒಂದು ಉದ್ಯೋಗಾವಕಾಶವಿತ್ತು. ನೆರೆದ ಜನರ ಎದುರು ಒಂದು ನೆಲಗಪ್ಪೆಯನ್ನು ನುಂಗಬೇಕು, ಹೊಟ್ಟೆ ಹಿಡಿದುಕೊಂಡು ಬೀಳಬೇಕು, ಕಣ್ಣು ಮೇಲೆ ಮಾಡಬೇಕು, ಒಡೆಯ ಬಾಯಿಗೆ ಔಷಧಿ ಸುರಿದ ಕೂಡಲೇ ಎದ್ದು ಕುಣಿಯಬೇಕು. ವಿದ್ಯಾರ್ಹತೆ ಬೇಕಿಲ್ಲ. ಅನುಭವವಿದ್ದವರಿಗೆ ಆದ್ಯತೆ, ಅನುಭವ ಪಡೆದ ಮೇಲೂ ಅವರು ಉಳಿದಿದ್ದರೆ.

ಒಡೆಯನೆಂದರೆ ಬೀದಿ ವೈದ್ಯ. ಬೆಂಚಿನ ಮೇಲೆ ಹತ್ತಿ ನಿಂತು ಕೂಗುವವನಾದ್ದರಿಂದ ಇಟಾಲಿಯನ್ನರು ಅವನನ್ನು ಬೆಂಚು ಹತ್ತುವವನು ಎಂದೇ ಕರೆದರು. ಇಂಗ್ಲಿಷಿನ ಮೌಂಟಿಬ್ಯಾಂಕ್ ಬಂದದ್ದು ಅಲ್ಲಿಂದ. ಅವನ ಸೀಸೆಯಲ್ಲಿ ಸರ್ವವಿಷಹರ ಔಷಧಿ ಇರುತ್ತಿತ್ತು. ಅದು ನಿಜವೆಂದು ತೋರಿಸಲು ವಿಷ ಕುಡಿದವನೊಬ್ಬ ಬೇಕಲ್ಲ? ಕಪ್ಪೆ ವಿಷವೆಂದು ಆ ಕಾಲದ ಯುರೋಪಿಗೆಲ್ಲ ಗೊತ್ತಿತ್ತು. ಅದರ ತಲೆಯೊಳಗೆ ವಿಷ ಮುರಿಯುವ ಮಣಿಯಿದೆ ಎಂದೂ ನಂಬಿದ್ದರು. ಶ್ರೀಮಂತರು ಆ ‘ಕಪ್ಪೆಮಣಿ’ಯನ್ನು ಉಂಗುರದಲ್ಲಿ ಕೂರಿಸಿ ಹಾಕಿಕೊಂಡು ಓಡಾಡುತ್ತಿದ್ದರು. ಅವೆಲ್ಲ ಎಂದೋ ಅಳಿದುಹೋದ ಮೀನುಗಳ ಪಳೆಯುಳಿಕೆ ಹಲ್ಲುಗಳೆಂದು ಆಮೇಲೆ ತಿಳಿಯಿತು. ಉಂಗುರ ಮಾಡಿಸಿಕೊಂಡವರಿಗೆ ಹಣ ವಾಪಸ್ಸು ಬಂದ ದಾಖಲೆಯಿಲ್ಲ.

ಒಂದು ಮಾತು ಮಾತ್ರ ನಿಜ. ನೆಲಗಪ್ಪೆಯ ಚರ್ಮದ ಗ್ರಂಥಿಗಳಲ್ಲಿ ವಿಷವಿದೆ. ನುಂಗಿದರೆ ವಾಂತಿಯಾಗುತ್ತದೆ, ಎದೆಬಡಿತ ತಪ್ಪುತ್ತದೆ. ಆ ಹುಡುಗ ನಿಜವಾಗಿ ನುಂಗುತ್ತಿದ್ದನೋ ಅಂಗೈಯಲ್ಲೇ ಮರೆಮಾಡಿ ನುಂಗಿದಂತೆ ನಟಿಸುತ್ತಿದ್ದನೋ, ಎರಡೂ ಇದ್ದಿರಬೇಕು. ಹೇಗಿದ್ದರೂ ಆ ಇಡೀ ವೈದ್ಯಶಾಲೆಯಲ್ಲಿ ತನ್ನ ಮೈಯನ್ನು ಒತ್ತೆಯಿಟ್ಟು ದುಡಿಯುತ್ತಿದ್ದವನು ಅವನೊಬ್ಬನೇ. ಮಾತು ಒಡೆಯನದು, ಸೀಸೆ ಒಡೆಯನದು, ಕಾಸೂ ಒಡೆಯನದು. ಹುಡುಗನ ಪಾಲಿಗೆ ಕಪ್ಪೆ. ಅವನಿಗೆ ಇಂಗ್ಲಿಷರು ಇಟ್ಟ ಹೆಸರು ಟೋಡ್-ಈಟರ್, ಕಪ್ಪೆ ತಿನ್ನುವವನು.

ಇಂದಿನ ಇಂಗ್ಲಿಷಿನಲ್ಲಿ ಈ ಪದ ಸತ್ತಿದೆ. ಅದರ ಬಾಲ ಮಾತ್ರ ‘ಟೋಡಿ’ ಎಂದು ಉಳಿದುಕೊಂಡು, ದೊಡ್ಡವರ ಸುತ್ತ ಹಲ್ಲು ಕಿರಿದು ನಿಲ್ಲುವವರಿಗೆಲ್ಲ ಅಂಟಿಕೊಂಡಿದೆ. (ನಮ್ಮ ಸಂಗೀತದ ತೋಡಿಗೂ ಇದಕ್ಕೂ ಸಂಬಂಧವಿಲ್ಲ. ಆ ರಾಗ ನುಡಿಸಲು ಬೆನ್ನು ನೆಟ್ಟಗಿರಬೇಕು.) ಸಂತೆಯಲ್ಲಿ ಬಡ ಹುಡುಗನೊಬ್ಬನ ಕಸುಬಾಗಿದ್ದದ್ದು ಅರಮನೆಯಲ್ಲಿ ಬೈಗುಳವಾದ ಕತೆ ಸ್ವಾರಸ್ಯವಾಗಿದೆ. ಅದರಲ್ಲಿ ಸಮ್ಮಿಶ್ರ ಸರ್ಕಾರವಿದೆ, ಬಡ ಅತ್ತಿಗೆ ನಾದಿನಿಯರಿದ್ದಾರೆ, ಆಸ್ಥಾನ ಕವಿಗಳಿದ್ದಾರೆ, ನಮ್ಮ ರಾವ್ ಬಹದ್ದೂರರೂ ಇದ್ದಾರೆ.

ಮೊದಲು ಸರ್ಕಾರ. 1742ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ವಾಲ್ಪೋಲ್ ಎರಡು ದಶಕ ಕೂತ ಕುರ್ಚಿಯಿಂದ ಕೆಳಗಿಳಿದ. ಅವನನ್ನು ಇಳಿಸಲು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ವಿಲಿಯಂ ಪಲ್ಟ್ನಿ. ಭ್ರಷ್ಟಾಚಾರ ತೊಲಗಲಿ ಎಂದು ಕೂಗಿದವರ ಗುಂಪು ಅಧಿಕಾರದ ಬಾಗಿಲು ತೆರೆದ ಕೂಡಲೇ ಏನು ಮಾಡುತ್ತದೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. ಹುದ್ದೆ ಹಂಚಿಕೆ ಶುರುವಾಯಿತು. ಪಲ್ಟ್ನಿಯ ಹಿಂದೆ ಸದಾ ಇರುತ್ತಿದ್ದ ಹೆನ್ರಿ ವೇನ್ ಎಂಬವನಿಗೂ ಒಂದು ಹುದ್ದೆ ಗೊತ್ತಾಯಿತು. ಪದಚ್ಯುತ ಪ್ರಧಾನಿಯ ಮಗ ಹೊರೇಸ್ ವಾಲ್ಪೋಲ್ ಇಟಲಿಯಲ್ಲಿದ್ದ ತನ್ನ ಗೆಳೆಯನಿಗೆ ಆ ಸುದ್ದಿ ಬರೆಯುತ್ತ ವೇನನನ್ನು ಪಲ್ಟ್ನಿಯ ಟೋಡ್-ಈಟರ್ ಎಂದು ಕರೆದ. ಸಂತೆಯ ಹುಡುಗ ಹೀಗೆ ಪಾರ್ಲಿಮೆಂಟು ಪ್ರವೇಶಿಸಿದ.

ವೇನ್ ಆಮೇಲೆ ಪಲ್ಟ್ನಿಯನ್ನು ಬಿಟ್ಟು ಇನ್ನೊಬ್ಬ ದೊಡ್ಡವರ ನೆರಳಿಗೆ ಸರಿದು, ಖಜಾನೆಯ ಹುದ್ದೆಗಳನ್ನು ದಾಟಿ, 1754ರಲ್ಲಿ ಡಾರ್ಲಿಂಗ್ಟನ್ನಿನ ಅರ್ಲ್ ಆದ. ಕಪ್ಪೆ ನುಂಗುವವನಿಗೆ ಬೇಕಾದದ್ದು ನಿಷ್ಠೆ ಎಂದು ತಿಳಿದವರಿಗೆ ಇದೊಂದು ಪಾಠ. ಬೇಕಾದದ್ದು ಗಂಟಲು. ಯಾರ ಕಪ್ಪೆಯಾದರೂ ಇಳಿಯಬೇಕು.

ಹಾಗೆ ಕರೆದ ಹೊರೇಸನ ಕತೆ ಇನ್ನೂ ಚೆಂದ. ಅವನು ಬದುಕಿದ್ದೇ ಅಪ್ಪ ಅಧಿಕಾರದಲ್ಲಿದ್ದಾಗ ಕೊಡಿಸಿದ ಹುದ್ದೆಗಳ ಮೇಲೆ. ಅವಕ್ಕೆ ಘನವಾದ ಹೆಸರುಗಳಿದ್ದವು, ಸಂಬಳವಿತ್ತು, ಕೆಲಸ ಮಾತ್ರ ಇರಲಿಲ್ಲ. ಆ ಹಣದಲ್ಲಿ ಸ್ಟ್ರಾಬೆರಿ ಹಿಲ್ ಎಂಬಲ್ಲಿ ಆಟಿಕೆಯಂಥ ಕೋಟೆ ಕಟ್ಟಿಸಿಕೊಂಡು, ಇಡೀ ಜೀವಮಾನ ಪತ್ರ ಬರೆಯುತ್ತ ಕೂತ. ಅಪ್ಪನಿಂದ ಬಂದರೆ ಅದು ಆಸ್ತಿ, ಪಲ್ಟ್ನಿಯಿಂದ ಬಂದರೆ ಕಪ್ಪೆ! ಅದೇ ಗೆಳೆಯನಿಗೆ 1754ರಲ್ಲಿ ಬರೆದ ಮತ್ತೊಂದು ಪತ್ರದಲ್ಲಿ ಅವನು ಸೆರೆಂಡಿಪಿಟಿ ಎಂಬ ಪದವನ್ನೂ ಹುಟ್ಟಿಸಿದ. ಅನಿರೀಕ್ಷಿತ ಅದೃಷ್ಟಕ್ಕೆ ಅವನಿಗಿಂತ ಅಧಿಕೃತ ವಕ್ತಾರ ಸಿಗುವುದಿಲ್ಲ. ಆ ಪದ ಈಗ ಕೆಫೆಗಳ ಹೆಸರಾಗಿ ಮೆರೆಯುತ್ತಿದೆ. ಕಪ್ಪೆಯ ಪದವನ್ನು ಯಾರೂ ಬೋರ್ಡಿಗೆ ಹಾಕಿಸಲಿಲ್ಲ, ಉಪಯೋಗವಾಗಬಹುದಾದ ಕಚೇರಿಗಳು ಬೇಕಷ್ಟಿದ್ದರೂ.

ವೇನನಿಗೆ ಅಂಟಿದ ಎರಡೇ ವರ್ಷಕ್ಕೆ ಈ ಕಪ್ಪೆಯ ಪದ ಹೆಂಗಸರ ಪಾಲಿಗೆ ಬಂತು. 1744ರಲ್ಲಿ ಸಾರಾ ಫೀಲ್ಡಿಂಗ್ ‘ಡೇವಿಡ್ ಸಿಂಪಲ್’ ಎಂಬ ಕಾದಂಬರಿ ಬರೆದಳು. ಹೆಸರು ಹಾಕಿಕೊಳ್ಳದೆ, ‘ಒಬ್ಬ ಮಹಿಳೆಯಿಂದ’ ಎಂದಷ್ಟೇ ಅಚ್ಚು ಹಾಕಿಸಿದಳು. ಎರಡನೆಯ ಮುದ್ರಣಕ್ಕೆ ಅವಳ ಅಣ್ಣ, ಪ್ರಸಿದ್ಧ ಕಾದಂಬರಿಕಾರ ಹೆನ್ರಿ ಫೀಲ್ಡಿಂಗ್, ಮುನ್ನುಡಿ ಬರೆದು, ತಂಗಿಯ ಭಾಷೆ ತಿದ್ದಿದ್ದೇನೆಂದು ಊರಿಗೆಲ್ಲ ತಿಳಿಯುವಂತೆ ಹೇಳಿಕೊಂಡ. ಆ ಕಾದಂಬರಿಯಲ್ಲಿ ಸಿಂಥಿಯಾ ಎಂಬ ಹುಡುಗಿಯಿದ್ದಾಳೆ. ಬುದ್ಧಿವಂತೆ, ಓದಿದವಳು, ಕೈಯಲ್ಲಿ ಕಾಸಿಲ್ಲ. ಶ್ರೀಮಂತ ಹೆಂಗಸೊಬ್ಬಳು ಅವಳನ್ನು ‘ಸಂಗಾತಿ’ಯಾಗಿ ಇಟ್ಟುಕೊಳ್ಳುತ್ತಾಳೆ. ಸಂಗಾತಿಯೆಂದರೆ ಸಂಬಳವಿಲ್ಲದ, ರಜೆಯಿಲ್ಲದ, ಕೆಲಸದವಳು ಎಂದು ಕರೆಸಿಕೊಳ್ಳುವ ಮರ್ಯಾದೆಯೂ ಇಲ್ಲದ ಕೆಲಸದವಳು. ಯಜಮಾನಿಗೆ ತಲೆನೋವು ಬಂದರೆ ಬೈಸಿಕೊಳ್ಳಬೇಕು, ಖುಷಿಯಾದರೆ ನಗಬೇಕು, ಅತಿಥಿಗಳು ಬಂದರೆ ಮೂಲೆಯಲ್ಲಿ ಕೂತು ಹೌದು ಹೌದು ಎನ್ನಬೇಕು. ನಿನ್ನನ್ನು ಜನ ಏನೆಂದು ಕರೆಯುತ್ತಾರೆ, ಹಾಗೆ ಯಾಕೆ ಕರೆಯುತ್ತಾರೆ ಎಂಬ ವಿಷಯ ಬಂದಾಗ ಸಿಂಥಿಯಾ ಸಂತೆ, ವೈದ್ಯ, ಹುಡುಗ, ಕಪ್ಪೆ ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ. ಪದದ ಮೂಲ ನಮಗೆ ಇಷ್ಟು ಖಚಿತವಾಗಿ ಗೊತ್ತಿರುವುದು ಅದರಿಂದ ಬೈಸಿಕೊಂಡ ಪಾತ್ರವೊಂದು ವಿವರಿಸಿದ್ದರಿಂದಲೇ. ಬೈದವರು ಮೂಲ ಹುಡುಕುವ ಗೋಜಿಗೆ ಹೋಗುವುದು ಕಡಿಮೆ.

ನಮ್ಮಲ್ಲಿ ಇಂಥವರು ಇರಲಿಲ್ಲವೆಂದಲ್ಲ. ದೊಡ್ಡ ಮನೆಗಳ ಅಡುಗೆಕೋಣೆಯಲ್ಲಿ ದೂರದ ಸಂಬಂಧದ ವಿಧವೆ ಅತ್ತೆಯೊಬ್ಬರು ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿದು, ‘ಪಾಪ, ನಮ್ಮ ಮನೇಲೇ ಇದ್ದಾರೆ’ ಎಂಬ ಉಪಕಾರದ ಮಾತು ಕೇಳಿಸಿಕೊಂಡೇ ಸತ್ತರು. ನಾವು ಅವರಿಗೆ ಕಪ್ಪೆಯ ಹೆಸರಿಡಲಿಲ್ಲ, ಅಷ್ಟೇ ನಮ್ಮ ಸಂಸ್ಕೃತಿ.

1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬ ನಿವೃತ್ತ ಕ್ಯಾಪ್ಟನ್ ಬೀದಿಮಾತುಗಳ ನಿಘಂಟು ತಂದ. ಮನುಷ್ಯ ಬಹಳ ದಪ್ಪ, ಬಹಳ ರಸಿಕ. ಪಡೆಯ ಹಣಕಾಸು ನೋಡಿಕೊಳ್ಳುತ್ತಿದ್ದಾಗ ತನ್ನ ಬಳಿ ಎರಡೇ ಲೆಕ್ಕದ ಪುಸ್ತಕಗಳಿವೆ, ಎಡಜೇಬು ಮತ್ತು ಬಲಜೇಬು ಎನ್ನುತ್ತಿದ್ದನಂತೆ. ಲಂಡನ್ನಿನ ಹೆಂಡದಂಗಡಿ, ಕಳ್ಳರ ಓಣಿಗಳಲ್ಲಿ ರಾತ್ರಿ ಸುತ್ತಿ ಪದ ಆಯ್ದು ತಂದವನು. ಅವನ ನಿಘಂಟಿನಲ್ಲಿ ಟೋಡ್-ಈಟರ್‌ಗೆ ಕೊಟ್ಟ ಅರ್ಥ, ದೊಡ್ಡ ಮನೆಯಲ್ಲಿ ಆಶ್ರಯ ಪಡೆದ ಬಡ ನೆಂಟಳು. ಎಲ್ಲರ ಕೋಪಕ್ಕೂ ಕುಚೇಷ್ಟೆಗೂ ಗುರಿಯಾಗುವವಳು. ಜೊತೆಗೊಂದು ಟಿಪ್ಪಣಿ ಸೇರಿಸಿದ: ಸೂಕ್ಷ್ಮ ಮನಸ್ಸಿನವರಿಗೆ ಅವಮಾನ ನುಂಗುವುದು ಹೊಟ್ಟೆಗೆ ಕಪ್ಪೆ ಇಳಿಸಿದಷ್ಟೇ ಕಷ್ಟ. ಕಳ್ಳರ ಭಾಷೆ ಕಲಿಯಲು ಹೋದವನಿಗೆ ಗೊತ್ತಾದ ಈ ಸಂಗತಿ ಆ ನೆಂಟಳಿದ್ದ ದೊಡ್ಡ ಮನೆಯವರಿಗೆ ಗೊತ್ತಾದಂತೆ ಕಾಣುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬೇಕಿತ್ತು. ಕಪ್ಪೆ ತಿಂದವನಿಗೆ ಇಷ್ಟು ಬಣ್ಣಬಣ್ಣದ ಹೆಸರಿದೆಯಲ್ಲ, ತಿನ್ನಿಸಿದವನಿಗೆ ಏನನ್ನುತ್ತಾರೆ? ಸಂತೆಯಲ್ಲಾದರೆ ಮೌಂಟಿಬ್ಯಾಂಕ್, ಅಂದರೆ ಠಕ್ಕ. ಬಂಗಲೆಯಲ್ಲಾದರೆ ಅವನು ಪೇಟ್ರನ್, ಪೋಷಕ! ಈ ಸಭ್ಯ ಮಾತನ್ನು ಒಪ್ಪದವನೊಬ್ಬನಿದ್ದ, ಸ್ಯಾಮ್ಯುಯೆಲ್ ಜಾನ್ಸನ್. ಲಾರ್ಡ್ ಚೆಸ್ಟರ್‌ಫೀಲ್ಡನ ಬಾಗಿಲಲ್ಲಿ ಕಾದು ಸುಸ್ತಾಗಿ, ವರ್ಷಗಟ್ಟಲೆ ದುಡಿದು, 1755ರಲ್ಲಿ ತನ್ನ ನಿಘಂಟು ಮುಗಿಸಿದವನು. ಅದು ಮುಗಿಯುವ ಹೊತ್ತಿಗೆ ಲಾರ್ಡ್ ಸಾಹೇಬರು ಪತ್ರಿಕೆಯಲ್ಲಿ ಎರಡು ಹೊಗಳಿಕೆ ಲೇಖನ ಬರೆದು ಪೋಷಕರ ಪೀಠದಲ್ಲಿ ಕೂರಲು ಬಂದರು. ಜಾನ್ಸನ್ ಕೈಬೀಸಿ ಕರೆಯಲಿಲ್ಲ, ಪತ್ರ ಬರೆದು ಉಗಿದ. ನಿಘಂಟಿನಲ್ಲಿ ಪೋಷಕ ಎಂಬಲ್ಲಿ, ಸಾಮಾನ್ಯವಾಗಿ ಇವನು ಸೊಕ್ಕಿನಿಂದ ನೆರವು ಕೊಟ್ಟು ಹೊಗಳಿಕೆಯಲ್ಲಿ ವಸೂಲು ಮಾಡಿಕೊಳ್ಳುವ ನೀಚ ಎಂಬರ್ಥದ ವಿವರಣೆ ಸೇರಿಸಿದ. ಪಿಂಚಣಿ ಎಂಬಲ್ಲಿ, ದೇಶಕ್ಕೆ ದ್ರೋಹ ಬಗೆಯಲು ಸರ್ಕಾರ ಕೊಡುವ ಕೂಲಿ ಎಂಬ ಧಾಟಿಯ ಅರ್ಥ ಬರೆದ. 1762ರಲ್ಲಿ ಸರ್ಕಾರ ವರ್ಷಕ್ಕೆ 300 ಪೌಂಡ್ ಪಿಂಚಣಿ ಕೊಡುತ್ತೇವೆಂದಾಗ ಅದನ್ನೂ ತೆಗೆದುಕೊಂಡ. ನಿಘಂಟಿನಲ್ಲಿ ಆ ಅರ್ಥವನ್ನು ಮಾತ್ರ ತಿದ್ದಲಿಲ್ಲ. ಇದನ್ನು ಪ್ರಾಮಾಣಿಕತೆ ಎನ್ನಬೇಕೋ ಸೋಮಾರಿತನ ಎನ್ನಬೇಕೋ, ಓದುಗರು ತಮ್ಮ ತಮ್ಮ ಪಿಂಚಣಿಗೆ ತಕ್ಕಂತೆ ತೀರ್ಮಾನಿಸಬಹುದು.

ತಿಂದವನನ್ನೂ ತಿನ್ನಿಸಿದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿದವನು ವಿಲಿಯಂ ಹ್ಯಾಜ್ಲಿಟ್. 1817ರ ಜನವರಿಯಲ್ಲಿ ‘ಎಕ್ಸಾಮಿನರ್’ ಪತ್ರಿಕೆಯಲ್ಲಿ ಅವನು ಬರೆದ ಲೇಖನದ ಶೀರ್ಷಿಕೆಯೇ ಕಪ್ಪೆ ನುಂಗುವವರಿಗೂ ನಿರಂಕುಶ ಪ್ರಭುಗಳಿಗೂ ಇರುವ ಸಂಬಂಧ ಎಂದು. ಅರಿಸ್ಟಾಟಲ್ ಮನುಷ್ಯನನ್ನು ರಾಜಕೀಯ ಪ್ರಾಣಿ ಎಂದಿದ್ದರೆ ಹ್ಯಾಜ್ಲಿಟ್ ಅವನನ್ನು ಕಪ್ಪೆ ನುಂಗುವ ಪ್ರಾಣಿಗಳ ವರ್ಗಕ್ಕೆ ಸೇರಿಸಿಬಿಟ್ಟ. ಅಧಿಕಾರ ತನ್ನ ಕೈಗೆ ಸಿಗಲಿ ಎಂಬ ಆಸೆ ಎಷ್ಟು ಸಹಜವೋ ಇನ್ನೊಬ್ಬನ ಕೈಯಲ್ಲಿರುವ ಅಧಿಕಾರ ಕಂಡು ಪುಳಕಗೊಳ್ಳುವುದೂ ಅಷ್ಟೇ ಸಹಜ, ಮೊದಲನೆಯದು ದೊರೆಯನ್ನು ಹುಟ್ಟಿಸಿದರೆ ಎರಡನೆಯದು ಗುಲಾಮನನ್ನು ಎಂಬುದು ಅವನ ವಾದ.

ಅವನ ಕೋಪಕ್ಕೆ ಗುರಿಯಾದವರು ಯಾರೋ ಪುಡಿ ಗುಮಾಸ್ತರಲ್ಲ, ಕವಿಗಳು. ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ ಯುವಕರಾಗಿ ಸಮಾನತೆಯ ಜಯಘೋಷ ಕೂಗಿದ್ದ ವರ್ಡ್ಸ್‌ವರ್ತ್, ಕೋಲ್ರಿಜ್, ಸೌದಿ. ನಮ್ಮ ಪಠ್ಯಪುಸ್ತಕಗಳಲ್ಲಿ ಡ್ಯಾಫೊಡಿಲ್ ಹೂಗಳ ಮಧ್ಯೆ ಒಂಟಿಯಾಗಿ ಅಲೆಯುವ ವರ್ಡ್ಸ್‌ವರ್ತ್ 1813ರಲ್ಲಿ ಲಾರ್ಡ್ ಲಾನ್ಸ್‌ಡೇಲರ ಕೃಪೆಯಿಂದ ವೆಸ್ಟ್‌ಮೋರ್‌ಲ್ಯಾಂಡ್ ಪ್ರಾಂತ್ಯದ ಸರ್ಕಾರಿ ಸ್ಟ್ಯಾಂಪುಗಳ ವಿತರಕನಾದ. ಮರುವರ್ಷ ತನ್ನ ದೊಡ್ಡ ಕಾವ್ಯವನ್ನು ಅದೇ ಲಾರ್ಡಿಗೆ ಅರ್ಪಿಸಿದ. ಸ್ಟ್ಯಾಂಪು ಅಂಟಿಸಿದ ಮೇಲೆ ಪತ್ರ ತಲುಪಲೇಬೇಕಲ್ಲ.

ರಾಬರ್ಟ್ ಸೌದಿಯದು ಇನ್ನೂ ದೊಡ್ಡ ನಾಟಕ. 1813ರಲ್ಲಿ ಆಸ್ಥಾನ ಕವಿಯಾದ. ಸಂಬಳ, ಜೊತೆಗೆ ಹಿಂದೆ ಕೊಡುತ್ತಿದ್ದ ಪೀಪಾಯಿ ದ್ರಾಕ್ಷಾರಸದ ಬದಲಿಗೆ ನಗದು. ಹ್ಯಾಜ್ಲಿಟ್ ಲೇಖನ ಬಂದ ಮುಂದಿನ ತಿಂಗಳೇ ಯಾರೋ ಪ್ರಕಾಶಕರು ಸೌದಿ ಇಪ್ಪತ್ತರ ಹರೆಯದಲ್ಲಿ ಬರೆದು ಮರೆತಿದ್ದ ‘ವಾಟ್ ಟೈಲರ್’ ಎಂಬ ನಾಟಕವನ್ನು ಅವನಿಗೆ ಹೇಳದೆ ಅಚ್ಚು ಹಾಕಿಬಿಟ್ಟರು. ತೆರಿಗೆಯ ವಿರುದ್ಧ ಬಂಡೆದ್ದ ಕಮ್ಮಾರನೊಬ್ಬ ರಾಜನನ್ನು ತರಾಟೆಗೆ ತೆಗೆದುಕೊಳ್ಳುವ ನಾಟಕ! ಆಸ್ಥಾನ ಕವಿ ಕೋರ್ಟಿಗೆ ಓಡಿದ: ನನ್ನ ಕೃತಿ, ಪ್ರಕಟಣೆ ನಿಲ್ಲಿಸಿ. ನ್ಯಾಯಾಧೀಶ ಲಾರ್ಡ್ ಎಲ್ಡನ್ ಹೇಳಿದ್ದು: ಸಮಾಜಕ್ಕೆ ಹಾನಿ ಮಾಡುವಂಥ ಬರಹಕ್ಕೆ ಕಾನೂನಿನಲ್ಲಿ ಹಕ್ಕುಸ್ವಾಮ್ಯವಿಲ್ಲ. ಅಂದರೆ ಪುಸ್ತಕ ರಾಜದ್ರೋಹದ್ದು, ಆದ್ದರಿಂದ ಯಾರು ಬೇಕಾದರೂ ಎಷ್ಟು ಬೇಕಾದರೂ ಅಚ್ಚು ಹಾಕಿ ಮಾರಬಹುದು! ಪ್ರತಿಗಳು ಸಾವಿರಗಟ್ಟಲೆ ಹೋದವು. ಸೌದಿ ಬರೆದ ಯಾವ ರಾಜಭಕ್ತಿಯ ಪದ್ಯಕ್ಕೂ ಅಂಥ ಗಿರಾಕಿ ಸಿಗಲಿಲ್ಲ. ತೀರಿಹೋಗಿದ್ದ ಮೂರನೇ ಜಾರ್ಜ್ ದೊರೆಯನ್ನು 1821ರಲ್ಲಿ ಭರ್ಜರಿ ಛಂದಸ್ಸಿನಲ್ಲಿ ಸ್ವರ್ಗಕ್ಕೆ ಸೇರಿಸಿ ಬಂದ. ಮರುವರ್ಷ ಬೈರನ್ ಹೆಚ್ಚುಕಡಿಮೆ ಅದೇ ಶೀರ್ಷಿಕೆಯಲ್ಲಿ ಅಣಕ ಬರೆದ. ಜನ ಓದಿದ್ದು ಅಣಕವನ್ನೇ.

ಇಷ್ಟಾಗುವ ಹೊತ್ತಿಗೆ ಪದ ಸವೆಯತೊಡಗಿತ್ತು. ಟೋಡ್-ಈಟರ್ ಎನ್ನಲು ಬಾಯಿಗೆ ಶ್ರಮ. ಡಿಸ್ರೇಲಿಯ ‘ವಿವಿಯನ್ ಗ್ರೇ’ ಕಾದಂಬರಿ ಬಂದ 1826ರ ಹೊತ್ತಿಗೆ ಅದು ಮುದ್ದಿನ ಟೋಡಿಯಾಗಿದೆ. ತಿನ್ನುವ ಕ್ರಿಯೆ ಉದುರಿಹೋಯಿತು, ವಿಷ ಉದುರಿಹೋಯಿತು, ಸಂತೆಯೂ ಹೋಯಿತು. ಉಳಿದದ್ದು ಕಪ್ಪೆಯ ಹೆಸರು ಮಾತ್ರ, ಅದೂ ಈಗ ನುಂಗಿದವನ ಹೆಸರಾಗಿ. ಎಷ್ಟು ವರ್ಷ ನುಂಗಿದನೆಂದರೆ ಕೊನೆಗೆ ಅವನನ್ನೇ ಜನ ಕಪ್ಪೆ ಎಂದರು. ಕಲ್ಕತ್ತೆಯಲ್ಲಿ ಹುಟ್ಟಿದ ಥ್ಯಾಕರೆ ಈ ಟೋಡಿಗಳ ದೊಡ್ಡ ಸಂಗ್ರಾಹಕ. ಅವನ ‘ವ್ಯಾನಿಟಿ ಫೇರ್’ನಲ್ಲಿ ಶ್ರೀಮಂತ ಮುದುಕಿ ಮಿಸ್ ಕ್ರಾಲಿಯ ಸುತ್ತ ಇಡೀ ಕುಟುಂಬ ಉಯಿಲಿನ ವಾಸನೆ ಹಿಡಿದು ಸುಳಿಯುತ್ತದೆ. ಆದರೂ ಕಾದಂಬರಿಯಲ್ಲಿ ಎಲ್ಲರಿಂದ ಬೈಸಿಕೊಳ್ಳುವವಳು ಬ್ರಿಗ್ಸ್ ಎಂಬ ಅಳುಬುರುಕ ಸಂಗಾತಿ. ಹಳೆಯ ಸಿಂಥಿಯಾಳ ವಂಶದವಳು. ಆಸ್ತಿಗಾಗಿ ಬಾಗುವವರು ಬಂಧುಗಳು. ಊಟಕ್ಕಾಗಿ ಬಾಗುವವಳು ಟೋಡಿ.

ಅಂದಹಾಗೆ ಡಿಸ್ರೇಲಿ ಮುಂದೆ ಪ್ರಧಾನಿಯಾಗಿ, 1876ರಲ್ಲಿ ವಿಕ್ಟೋರಿಯಾ ರಾಣಿಗೆ ಭಾರತದ ಚಕ್ರವರ್ತಿನಿ ಎಂಬ ಬಿರುದು ಕೊಡಿಸಿದ. ರಾಜಮನೆತನದವರನ್ನು ಹೊಗಳುವಾಗ ಗಾರೆ ಕರಣೆಯಲ್ಲೇ ಮೆತ್ತಬೇಕು ಎಂಬ ಮಾತು ಅವನ ಹೆಸರಿನಲ್ಲಿದೆ. ಬಿರುದಿನ ಗಾತ್ರ ನೋಡಿದರೆ ಆ ದಿನ ಕರಣೆ ಸಾಲದೆ ಬಾಂಡಲಿ ತಂದಿರಬೇಕು.

ಬ್ರೂವರ್ ಎಂಬ ಪಾದ್ರಿಯ ಪದಕೋಶ ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಡಿಗೆ ಒಂದು ಕುಲೀನ ಮೂಲವನ್ನೂ ಒದಗಿಸಿತು: ಸ್ಪೇನಿನಲ್ಲಿ ಸೋತ ಮೂರ್ ಮುಸ್ಲಿಮರು ಗೆದ್ದವರ ಮನೆಯಲ್ಲಿ ಚುರುಕಾಗಿ ಸಕಲ ಕೆಲಸ ಮಾಡುತ್ತಿದ್ದರು, ಒಡೆಯರು ಮೆಚ್ಚಿ ‘ಮಿ ತೊದಿತಾ’ (ನನ್ನ ಸಕಲ ಕೆಲಸದಾಳು) ಎಂದರು, ಅದೇ ಟೋಡಿಯಾಯಿತು ಎಂದು. ಯಾವ ಭಾಷಾಶಾಸ್ತ್ರಜ್ಞನೂ ಈಗ ಇದನ್ನು ನಂಬುವುದಿಲ್ಲ. ಆದರೆ ಪ್ರಯತ್ನ ಮೆಚ್ಚಬೇಕು. ಸ್ವಲ್ಪ ದೊಡ್ಡವನಾದ ಮೇಲೆ ಪ್ರತಿಯೊಬ್ಬರೂ ವಂಶವೃಕ್ಷ ಬರೆಸುತ್ತಾರೆ, ಪದಗಳೂ ಕೂಡ.

ಇಂಗ್ಲೆಂಡಿನಲ್ಲಿ ಸೌಮ್ಯವಾದ ಪದ ಭಾರತಕ್ಕೆ ಬಂದು ಮತ್ತೆ ಹಲ್ಲು ಪಡೆಯಿತು. ಬ್ರಿಟಿಷ್ ಸರ್ಕಾರ ಹೊಸ ವರ್ಷಕ್ಕೊಮ್ಮೆ, ದೊರೆಯ ಹುಟ್ಟುಹಬ್ಬಕ್ಕೊಮ್ಮೆ ಬಿರುದುಗಳ ಪಟ್ಟಿ ಹೊರಡಿಸುತ್ತಿತ್ತು. ದಕ್ಷಿಣಕ್ಕೆ ರಾವ್ ಸಾಹೇಬ್, ಮೇಲೆ ರಾವ್ ಬಹದ್ದೂರ್, ಅದರ ಮೇಲೆ ದಿವಾನ್ ಬಹದ್ದೂರ್. ಉತ್ತರಕ್ಕೆ ರಾಯ್ ಬಹದ್ದೂರ್, ಮುಸ್ಲಿಮರಿಗೆ ಖಾನ್ ಬಹದ್ದೂರ್. ಎಲ್ಲ ಬಿರುದೂ ಕಪ್ಪೆ ನುಂಗಿ ಬಂದದ್ದಲ್ಲ. ‘ಕರ್ನಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ಯರೂ ರಾವ್ ಬಹದ್ದೂರರೇ. ಅವರು ನುಂಗಿದ್ದು ಶಾಸನಗಳ ಧೂಳು. ಇನ್ನು ‘ಗ್ರಾಮಾಯಣ’ ಬರೆದ ರಾವಬಹಾದ್ದೂರರಿಗೆ ಅದು ಕಾವ್ಯನಾಮ, ಸರ್ಕಾರದ ಖರ್ಚಿಲ್ಲದೆ ತಾವೇ ಇಟ್ಟುಕೊಂಡದ್ದು. ಆದರೆ ಕಲೆಕ್ಟರ ಸಾಹೇಬರ ಬಂಗಲೆಗೆ ಹಣ್ಣಿನ ಬುಟ್ಟಿ ಹೊತ್ತು, ಕ್ರಿಸ್ಮಸ್ಸಿಗೆ ಸಲಾಂ ಹಾಕಿ, ಯುದ್ಧನಿಧಿಗೆ ರೈತರಿಂದ ಎತ್ತಿದ ಚಂದಾದ ಮೇಲೆ ತಮ್ಮ ಹೆಸರು ಬರೆದು ಬಹದ್ದೂರರಾದವರ ಬಹದ್ದೂರಿಕೆ ಊರಿಗೆಲ್ಲ ಗೊತ್ತಿತ್ತು. 1920ರ ಅಸಹಕಾರ ಚಳವಳಿಯಲ್ಲಿ ಬಿರುದು ಹಿಂದಿರುಗಿಸಿ ಎಂದು ಕಾಂಗ್ರೆಸ್ ಕರೆಕೊಟ್ಟಿತು. ಗಾಂಧೀಜಿ ತಮ್ಮ ಕೈಸರ್-ಎ-ಹಿಂದ್ ಪದಕ ವಾಪಸು ಕಳಿಸಿದರು. ಬಹದ್ದೂರರಲ್ಲಿ ಬಹುಪಾಲು ಜನರಿಗೆ ಅಂಚೆ ಕಚೇರಿಯ ದಾರಿ ಆ ವರ್ಷ ಸಿಗಲಿಲ್ಲ.

ಅವರಿಗಾಗಿಯೇ ಉತ್ತರ ಭಾರತದ ಬೀದಿಗಳಲ್ಲಿ ಒಂದು ಘೋಷಣೆ ಹುಟ್ಟಿತು: ‘ಟೋಡಿ ಬಚ್ಚಾ ಹಾಯ್ ಹಾಯ್!’ ಆಂಗ್ಲರ ಬೈಗುಳವನ್ನೇ ಎತ್ತಿಕೊಂಡು ಆಂಗ್ಲರ ಆಪ್ತರ ಮೇಲೆ ಎಸೆದರು. ಥ್ಯಾಕರೆಯನ್ನು ಓದದ ಟಾಂಗಾವಾಲಾನಿಗೂ ಅದರ ಅರ್ಥ ಸರಿಯಾಗಿ ತಿಳಿದಿತ್ತು. ‘ಬಚ್ಚಾ’ ಎಂದು ಸೇರಿಸಿದ್ದು ಬೀದಿಯ ಪ್ರತಿಭೆ. ಅವರಿಗೆ ತಿಳಿಯದೆಯೇ ಅದು ಪದವನ್ನು ಅದರ ತವರಿಗೆ ಮುಟ್ಟಿಸಿತು: ಮೊದಲ ಟೋಡಿ ವೈದ್ಯನ ಹುಡುಗನೇ ಆಗಿದ್ದನಲ್ಲ. 1950ರಲ್ಲಿ ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು. ಪದ ನಿರುದ್ಯೋಗಿಯಾಯಿತು. ಅದರ ಕೆಲಸವನ್ನು ಈಗ ನಮ್ಮಲ್ಲಿ ‘ಬಕೆಟ್’ ನಿರ್ವಹಿಸುತ್ತಿದೆ, ಪೂರ್ಣಾವಧಿ.

ಕಪ್ಪೆ ಮಾತ್ರ ನಿರುದ್ಯೋಗಿಯಾಗಲಿಲ್ಲ. ಕ್ರಾಂತಿಯ ಕಾಲದ ಫ್ರೆಂಚ್ ಲೇಖಕ ಶಾಂಫೋರ್ ಒಂದು ಮಾತು ದಾಖಲಿಸಿದ್ದಾನೆ. ಅದು ಲಾಸ್ಸೆ ಎಂಬ ಅನುಭವಸ್ಥರದ್ದಂತೆ: ದಿನವಿಡೀ ದೊಡ್ಡವರ ಸಮಾಜದಲ್ಲಿ ಕಳೆಯಬೇಕಾದವನು ಬೆಳಗ್ಗೆ ಎದ್ದು ಮೊದಲು ಒಂದು ನೆಲಗಪ್ಪೆ ನುಂಗಿಬಿಡುವುದು ಒಳ್ಳೆಯದು, ಆಮೇಲೆ ಯಾವುದೂ ಅಷ್ಟು ಅಸಹ್ಯವೆನಿಸುವುದಿಲ್ಲ. ಇದು ಆಸ್ಥಾನಿಕರ ಮೇಲೆ ಉಗಿದ ಎಂಜಲು. ಇನ್ನೂರು ವರ್ಷದ ಪ್ರಯಾಣದಲ್ಲಿ ಅದು ಅಟ್ಲಾಂಟಿಕ್ ದಾಟಿತು, ಯಾರೋ ಆಧಾರವಿಲ್ಲದೆ ಮಾರ್ಕ್ ಟ್ವೇನನ ಜೇಬಿಗೆ ಸೇರಿಸಿದರು, ದಾರಿಯಲ್ಲಿ ವಿಷದ ನೆಲಗಪ್ಪೆ ತೆಳ್ಳನೆಯ ಸಾಧಾರಣ ಕಪ್ಪೆಯಾಯಿತು, ದೊಡ್ಡವರ ಸಮಾಜ ಎಂಬ ಭಾಗ ಕಳಚಿ ಬಿತ್ತು. 2001ರಲ್ಲಿ ಬ್ರಯಾನ್ ಟ್ರೇಸಿ ಅದನ್ನು ‘ಈಟ್ ದಟ್ ಫ್ರಾಗ್’ ಎಂಬ ಪುಸ್ತಕ ಮಾಡಿದರು. ಈಗ ಅದು ಸಮಯ ನಿರ್ವಹಣೆಯ ಸೂತ್ರ. ದಿನದ ಅತಿ ಕಷ್ಟದ ಕೆಲಸವೇ ಕಪ್ಪೆ. ಬೆಳಗ್ಗೆಯೇ ತಿಂದು ಮುಗಿಸಿ, ದಿನವೆಲ್ಲ ಹಗುರಾಗಿರಿ. ಹೋಟೆಲಿನ ತಣ್ಣನೆಯ ಸಭಾಂಗಣಗಳಲ್ಲಿ, ಕೊರಳಿಗೆ ಗುರುತುಚೀಟಿ ತೂಗಿಸಿಕೊಂಡ ನೌಕರರಿಗೆ ಇದನ್ನು ಹೇಳಿಕೊಡುತ್ತಾರೆ. ಬೆಂಚಿನ ಬದಲು ವೇದಿಕೆಯಿದೆ, ಕೂಗುವ ಬದಲು ಕಾಲರ್ ಮೈಕಿದೆ. ಸಂತೆಯ ಹುಡುಗನಿಗೆ ಸಿಗದ ಒಂದು ಸೌಲಭ್ಯ ಇಲ್ಲುಂಟು: ಕಪ್ಪೆ ತಿಂದವರು ಕೊನೆಗೆ ತಾವೇ ಚಪ್ಪಾಳೆ ತಟ್ಟಬೇಕು.

ಎರಡು ಕಪ್ಪೆ ಎದುರಿಗಿದ್ದರೆ ಹೆಚ್ಚು ಕುರೂಪಿಯಾದದ್ದನ್ನು ಮೊದಲು ತಿನ್ನಿ ಎಂದು ಪುಸ್ತಕ ಸಲಹೆ ಕೊಡುತ್ತದೆ. ಇಂಥ 21 ಉಪಾಯಗಳು ಅದರಲ್ಲಿವೆ. ಎರಡೂ ಕಪ್ಪೆಗಳನ್ನು ತಟ್ಟೆಗೆ ಹಾಕಿದವರು ಯಾರು ಎಂದು ಕೇಳುವುದು ಆ 21ರಲ್ಲಿ ಸೇರಿಲ್ಲ.